ನಡೆಯಲಾಗದ ಕಾಲು, ಅಳೆದು ಬಡಿಸಿದ ತಟ್ಟೆ: ಬಾಬಾಸಾಹೇಬರ ಕೊನೆಯ ಎಂಟೂವರೆ ವರ್ಷ



ಬರಹ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ. ಮನೇಲಿ ಶುಗರ್ ಇರೋ ಹಿರಿಯರಿದ್ರೆ ಅವರಿಗೂ ಓದಿ ಹೇಳಿ.

ಶುಗರ್ ಬಂತು ಅಂದ ಕೂಡಲೇ ಡಾಕ್ಟರು ಹೇಳೋದು "ದಿನಾ ವಾಕಿಂಗ್ ಮಾಡಿ" ಅಂತ. ಸರಿಯಾದ ಮಾತೇ. ನಡೆದಾಗ ಸ್ನಾಯುಗಳು ರಕ್ತದಲ್ಲಿರೋ ಸಕ್ಕರೆಯನ್ನು ಎಳ್ಕೊಂಡು ಖರ್ಚು ಮಾಡ್ತವೆ. ಆದರೆ ಮೂವತ್ತು ವರ್ಷ ಗಾರೆ ಹೊತ್ತು ಮಂಡಿ ಸವೆದವರು ಏನ್ ಮಾಡ್ಬೇಕು? ರಸ್ತೆ ಗುಡಿಸಿ ಗುಡಿಸಿ ಸೊಂಟ ಹೋಗಿರೋ ಪೌರಕಾರ್ಮಿಕ ತಾಯಿ ಏನ್ ಮಾಡ್ಬೇಕು? ಪಾದ ಉರಿದು ನೆಲಕ್ಕೆ ಕಾಲೂರೋಕೇ ಆಗದವರು?

ಈ ಪ್ರಶ್ನೆಗಳ ಜೊತೆ ಇಟ್ಟು ನೋಡಬೇಕಾದ ಬದುಕೊಂದು ನಮ್ಮ ಮನೆಗಳ ಗೋಡೆ ಮೇಲೇ ಇದೆ. ಬಾಬಾಸಾಹೇಬರ ಕೊನೆಯ ವರ್ಷಗಳನ್ನು ನಾವು ಸಂವಿಧಾನ, ರಾಜೀನಾಮೆ, ಧಮ್ಮದೀಕ್ಷೆ ಅಂತ ಓದ್ತೀವಿ. ಅವೇ ವರ್ಷಗಳು ಕಾಲುನೋವಿನಿಂದ ಬಳಲುತ್ತಿದ್ದ ಒಬ್ಬ ಮಧುಮೇಹಿಯ ವರ್ಷಗಳೂ ಹೌದು.

ಅಲ್ಲಿಗೆ ಹೋಗೋಕೆ ಮುಂಚೆ ಒಂದು ಹಳೇ ವಿಷಯ. "ನಡೆ" ಅನ್ನೋ ಸಲಹೆ ಇವತ್ತಿನದಲ್ಲ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪ್ರಮೇಹದ ಅಧ್ಯಾಯ ಇದೆ. ಹಣವಿಲ್ಲದ, ಬಂಧುಗಳಿಲ್ಲದ ರೋಗಿ ಚಪ್ಪಲಿ, ಕೊಡೆ ಇಲ್ಲದೆ, ಭಿಕ್ಷೆ ಬೇಡಿ ತಿನ್ನುತ್ತಾ ನೂರು ಯೋಜನ ನಡೀಬೇಕಂತೆ. ಸಿರಿವಂತನಾದರೆ ಶ್ಯಾಮಾಕ ಅನ್ನೋ ಕಿರುಧಾನ್ಯ, ಕಾಡುಭತ್ತ, ನೆಲ್ಲಿಕಾಯಿ ತಿಂದ್ಕೊಂಡು ಇರಬೇಕು. ಬ್ರಾಹ್ಮಣ ಗದ್ದೆಯಲ್ಲಿ ಉದುರಿದ ತೆನೆ ಆಯ್ದುಕೊಂಡು ಬದುಕಬೇಕು. ಉಳಿದವನು? ಸದಾ ಉಳಬೇಕು, ಇಲ್ಲಾ ಬಾವಿ ತೋಡಬೇಕು! ಒಂದೇ ಕಾಯಿಲೆಗೆ ಜಾತಿ ನೋಡಿ, ಜೇಬು ನೋಡಿ ಬೇರೆಬೇರೆ ಮದ್ದು. ತೋಡಿದ ಬಾವಿಯ ನೀರು ಕುಡಿಯೋ ಹಕ್ಕು ಯಾರಿಗಿತ್ತು ಅಂತ ಮಹಾಡ್ ಕೆರೆಯ ಇತಿಹಾಸ ಗೊತ್ತಿರೋ ನಿಮಗೆ ನಾನು ಹೇಳಬೇಕಿಲ್ಲ. ಉತ್ತು, ಬಾವಿ ತೋಡಿ ಮೈಮುರಿದವನಿಗೇ ಕಾಯಿಲೆ ಬಂದ್ರೆ ಏನು ಗತಿ ಅನ್ನೋದನ್ನ ಆ ಸಾಲುಗಳು ಕೇಳೋದೇ ಇಲ್ಲ.

ಈಗ ಬಾಬಾಸಾಹೇಬರ ಕಾಲಕ್ಕೆ ಬರೋಣ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದರು. 1922ರ ಜನವರಿಯಲ್ಲಿ ಮೊದಲ ಸಲ ಒಬ್ಬ ಹುಡುಗನಿಗೆ ಕೊಟ್ಟರು. ಅದಕ್ಕೂ ಮುಂಚೆ ಡಾಕ್ಟರುಗಳ ಕೈಲಿದ್ದ ದೊಡ್ಡ ಉಪಾಯ ಅಂದ್ರೆ ರೋಗಿಯನ್ನು ಅರೆಹೊಟ್ಟೆಯಲ್ಲಿ ಇಡೋದು. ಇನ್ಸುಲಿನ್ ಬಂದ ಮೇಲೂ ಇವತ್ತಿನ ಅನುಕೂಲ ಇರಲಿಲ್ಲ. ಈಗ ಎಲ್ಲರೂ ನುಂಗೋ ಮೆಟ್‌ಫಾರ್ಮಿನ್ ಮಾತ್ರೆಯನ್ನು ಫ್ರಾನ್ಸಿನಲ್ಲಿ ಶುಗರ್ ರೋಗಿಗಳಿಗೆ ಕೊಟ್ಟ ವರದಿ ಬಂದದ್ದು 1957ರಲ್ಲಿ. ಬಾಬಾಸಾಹೇಬರು ತೀರಿಕೊಂಡ ಮರುವರ್ಷ! ಬೆರಳು ಚುಚ್ಚಿ ಮನೇಲೇ ನೋಡ್ಕೊಳ್ಳೋ ಮಷೀನೂ ಇರಲಿಲ್ಲ. ಮೂತ್ರವನ್ನು ಗಾಜಿನ ಕೊಳವೆಯಲ್ಲಿ ರಾಸಾಯನಿಕದ ಜೊತೆ ಕಾಯಿಸಿ ಬಣ್ಣ ನೋಡಿ ಅಂದಾಜು ಮಾಡೋ ಕಾಲ ಅದು. ಅಂದ್ರೆ ಇದ್ದದ್ದು ಎರಡೇ: ಸೂಜಿ ಮತ್ತು ತಟ್ಟೆ.

1940ರ ದಶಕದ ಕೊನೆಗೆ ಸಂವಿಧಾನದ ಕರಡಿನ ಕೆಲಸದ ನಡುವೆ ಬಾಬಾಸಾಹೇಬರಿಗೆ ನಿದ್ದೆ ಇಲ್ಲ, ಕಾಲಿನ ನರಗಳ ನೋವು, ಇನ್ಸುಲಿನ್ ತಗೋತಿದ್ರು. ಚಿಕಿತ್ಸೆಗೆ ಅಂತ ಮುಂಬೈಗೆ ಹೋದಾಗ ಡಾ. ಮಾಳವಣಕರ್ ಅವರ ಬಳಿ ಕೆಲಸ ಮಾಡ್ತಿದ್ದ ಡಾ. ಶಾರದಾ ಕಬೀರ್ ಪರಿಚಯವಾಯಿತು. ಜೊತೆಗೆ ಇರೋರಿಗೆ ವೈದ್ಯಕೀಯವೂ ಗೊತ್ತಿರಬೇಕು, ಚೆನ್ನಾಗಿ ಅಡುಗೆಯೂ ಬರಬೇಕು ಅನ್ನೋದು ವೈದ್ಯರ ಸಲಹೆ. ಆ ಸಲಹೆಯಲ್ಲಿ ಸ್ಟೆತಾಸ್ಕೋಪ್ ಎಷ್ಟು ಮುಖ್ಯವೋ ಸೌಟೂ ಅಷ್ಟೇ ಮುಖ್ಯ ಅನ್ನೋದನ್ನ ಗಮನಿಸಿ. 1948ರ ಏಪ್ರಿಲ್ 15ರಂದು ದೆಹಲಿಯ ಮನೆಯಲ್ಲಿ ಮದುವೆ ಆಯಿತು. ಅವರೇ ಸವಿತಾ ಅಂಬೇಡ್ಕರ್, ನಮ್ಮ ಮಾಯಿಸಾಹೇಬ್.

ಆಮೇಲೆ ಏನೇನು ಕೆಲಸ ನಡೀತು ಲೆಕ್ಕ ಹಾಕಿ. 1948ರ ನವೆಂಬರ್ 5ರಂದು ಟಿ.ಟಿ. ಕೃಷ್ಣಮಾಚಾರಿ ಸಂವಿಧಾನ ಸಭೆಯಲ್ಲಿ ಕರಡು ಸಮಿತಿಯ ಸ್ಥಿತಿ ವಿವರಿಸಿದರು. ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಕೆಲವರು ಅನಾರೋಗ್ಯದಿಂದಲೋ ಏನೋ ಬರಲಾಗಲಿಲ್ಲ, ಭಾರವೆಲ್ಲ ಅಂಬೇಡ್ಕರ್ ಮೇಲೆ ಬಿತ್ತು ಅಂದರು. ಆ ಭಾರ ಹೊತ್ತವರ ಆರೋಗ್ಯವೇ ಕೆಟ್ಟಿತ್ತು! 1949ರ ನವೆಂಬರ್ 26ರಂದು ರಾಜೇಂದ್ರ ಪ್ರಸಾದರು, ಆರೋಗ್ಯ ಸರಿ ಇಲ್ಲದಿದ್ದರೂ ಅಂಬೇಡ್ಕರ್ ದುಡಿದದ್ದನ್ನು ಸಭೆಯಲ್ಲೇ ನೆನೆದರು. 1951ರ ಆಗಸ್ಟ್ 10ರಂದು ಬಾಬಾಸಾಹೇಬರು ನೆಹರೂಗೆ ಪತ್ರ ಬರೆದು, ವೈದ್ಯರ ಕೈಗೆ ನನ್ನನ್ನು ಒಪ್ಪಿಸಿಕೊಳ್ಳೋ ಮುಂಚೆ ಹಿಂದೂ ಕೋಡ್ ಬಿಲ್ ಮುಗಿಸಬೇಕು, ಬೇಗ ಸದನಕ್ಕೆ ತನ್ನಿ ಅಂತ ಕೇಳಿದರು. ಈ ದೇಶದ ಹೆಣ್ಣುಮಕ್ಕಳ ಆಸ್ತಿ ಹಕ್ಕಿಗಾಗಿ ತಮ್ಮ ಚಿಕಿತ್ಸೆಯನ್ನೇ ಮುಂದಕ್ಕೆ ಹಾಕಿದರು. ಬಿಲ್ ಮುಗಿಯಲಿಲ್ಲ, ಸೆಪ್ಟೆಂಬರ್ 27ರಂದು ರಾಜೀನಾಮೆ ಕೊಟ್ಟರು.

ಅದೇ 1951ರಲ್ಲಿ 'ಬುದ್ಧ ಮತ್ತು ಆತನ ಧಮ್ಮ' ಬರೆಯೋಕೆ ಶುರು. 1956ರಲ್ಲಿ ಅದಕ್ಕೆ ಒಂದು ಮುನ್ನುಡಿ ಬರೆದರು. ಈ ಐದು ವರ್ಷಗಳಲ್ಲಿ ವೈದ್ಯರೇ ನನ್ನನ್ನು ಆರುವ ದೀಪ ಅಂದುಕೊಂಡಿದ್ರು, ಆ ದೀಪ ಮತ್ತೆ ಹೊತ್ತಿಕೊಂಡದ್ದು ನನ್ನ ಹೆಂಡತಿ ಮತ್ತು ಡಾ. ಮಾಳವಣಕರ್ ಅವರಿಂದ ಅನ್ನೋ ಅರ್ಥದ ಮಾತು ಅದರಲ್ಲಿದೆ. 1957ರಲ್ಲಿ ಪುಸ್ತಕ ಅಚ್ಚಾದಾಗ ಆ ಮುನ್ನುಡಿಯೇ ಇರಲಿಲ್ಲ. ಇನ್ನೊಂದು ಕಡೆ ವಿಷ ಹಾಕಿದಳು ಅನ್ನೋ ಮಟ್ಟಕ್ಕೆ ಮಾಯಿಸಾಹೇಬರ ಮೇಲೆ ಅನುಮಾನ ಹಬ್ಬಿತು. ಸರ್ಕಾರಿ ತನಿಖೆ ಅದು ಸಹಜ ಸಾವು ಅಂದಿತು. ಆದರೂ ಎಷ್ಟೋ ವರ್ಷ ಆ ತಾಯಿ ಚಳವಳಿಯಿಂದ ದೂರವೇ ಉಳಿಯಬೇಕಾಯಿತು. 1990ರಲ್ಲಿ ಬಾಬಾಸಾಹೇಬರ ಪರವಾಗಿ ಭಾರತರತ್ನ ಸ್ವೀಕರಿಸಿದ್ದು ಅವರೇ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಮುಂದೆ ಬಾಬಾಸಾಹೇಬರು ಎದ್ದು ನಿಂತದ್ದು, ನವೆಂಬರ್‌ನಲ್ಲಿ ಕಠ್ಮಂಡುವರೆಗೂ ಹೋಗಿ ಬುದ್ಧ ಮತ್ತು ಮಾರ್ಕ್ಸ್ ಬಗ್ಗೆ ಮಾತಾಡಿದ್ದು ಆರೋಗ್ಯವಂತ ಕಾಲುಗಳ ಮೇಲಲ್ಲ. ಆ ದೇಹವನ್ನು ಅಲ್ಲೀವರೆಗೂ ತಂದದ್ದರಲ್ಲಿ ಒಬ್ಬ ಹೆಣ್ಣುಮಗಳ ಆರೈಕೆಯ ಪಾಲಿದೆ. ಇದನ್ನೂ ನಮ್ಮ ಇತಿಹಾಸದಲ್ಲಿ ಬರೀಬೇಕು.

ಈಗ ನಮ್ಮ ತಟ್ಟೆ ನೋಡ್ಕೊಳ್ಳೋಣ. ಹಳೇ ಮೈಸೂರು ಕಡೆಯ ನಮ್ಮ ಕೇರಿಗಳ ಊಟ ಅಂದ್ರೆ ಮುದ್ದೆ, ಹುರಳಿಕಾಳು, ಬೆರಕೆ ಸೊಪ್ಪು, ಮೀನು, ಬಾಡು, ಬೋಟಿ. ಉತ್ತರದ ಕಡೆ ಜೋಳದ ರೊಟ್ಟಿ, ಪುಂಡಿಪಲ್ಯ. ನಾರು, ಪ್ರೋಟೀನ್ ಎರಡೂ ಇದ್ದ ಊಟ. ಆಮೇಲೆ ರೇಷನ್ ಅಕ್ಕಿ ಬಂತು. ಅದನ್ನ ಹಳಿಯೋ ಹಕ್ಕು ಹಸಿವು ಕಾಣದವರಿಗಿಲ್ಲ. 2013ರ ಅನ್ನಭಾಗ್ಯ ಹೊಟ್ಟೆ ತುಂಬಿಸಿತು. ಆದರೆ ಅಕ್ಕಿಯ ಜೊತೆ ಬೇಳೆ, ಕಾಳು, ಮೊಟ್ಟೆ ಅಷ್ಟೇ ಧಾರಾಳವಾಗಿ ಬರಲಿಲ್ಲ. ಮೇಲೆ 2020ರ ಗೋಹತ್ಯೆ ನಿಷೇಧ ಕಾಯ್ದೆ ಬಡವರ ಅಗ್ಗದ ಪ್ರೋಟೀನನ್ನೂ ಕಿತ್ಕೊಂಡಿತು. ಹೀಗೆ ತಟ್ಟೆ ತುಂಬ ಅನ್ನ, ಮೇಲೆ ತೆಳು ಸಾರು. ಇತ್ತ ಪೇಟೆಯ ಅಂಗಡಿಯಲ್ಲಿ ನಮ್ಮದೇ ಧಾನ್ಯಕ್ಕೆ ಸಿರಿಧಾನ್ಯ ಅಂತ ಹೆಸರಿಟ್ಟು ದುಬಾರಿ ಬೆಲೆಗೆ ಮಾರ್ತಾರೆ. ಸುಶ್ರುತನ ಸಿರಿವಂತನಿಗೆ ಶ್ಯಾಮಾಕ ಸಿಕ್ಕ ಹಾಗೆ!

ನಡೆಯೋಕಾಗದವರು ಗಮನಿಸಿ. ಕಾಲು ಮಾಡಬೇಕಾದ ಕೆಲಸದ ದೊಡ್ಡ ಪಾಲು ಈಗ ತಟ್ಟೆ ಮಾಡಬೇಕು. ಅರ್ಧ ತಟ್ಟೆ ಸೊಪ್ಪು, ತರಕಾರಿ. ಕಾಲು ಭಾಗ ಕಾಳು, ಮೊಟ್ಟೆ, ಮೀನು ಅಥವಾ ಬಾಡು. ಇನ್ನು ಕಾಲು ಭಾಗ ಮಾತ್ರ ಮುದ್ದೆ, ರೊಟ್ಟಿ ಅಥವಾ ಅನ್ನ. ರಾಗಿ ತಿಂದ್ರೆ ಶುಗರ್ ಏರಲ್ಲ ಅನ್ನೋದು ಸುಳ್ಳು. ಎರಡು ಮುದ್ದೆ ತಿನ್ನೋರು ಒಂದು ಚಿಕ್ಕದಕ್ಕೆ ಇಳೀರಿ, ಸೊಪ್ಪಿನ ಸಾರು ಜಾಸ್ತಿ ಹಾಕ್ಕೊಳ್ಳಿ. ತೆಳ್ಳಗಿನ ಗಂಜಿ ಇನ್ನೂ ಬೇಗ ಏರಿಸುತ್ತೆ. ಬೆಲ್ಲವೂ ಸಕ್ಕರೆಯೇ. ಕೂತಲ್ಲೇ ನೀರಿನ ಬಾಟಲಿ ಹಿಡಿದು ಕೈ ಎತ್ತಿಳಿಸೋದೂ ವ್ಯಾಯಾಮವೇ. ಇನ್ಸುಲಿನ್ ಅಥವಾ ಶುಗರ್ ಇಳಿಸೋ ಮಾತ್ರೆ ತಗೊಳ್ಳೋರು ಊಟ ಬಿಡಬೇಡಿ, ಶುಗರ್ ಕುಸಿದ್ರೆ ಪ್ರಾಣಕ್ಕೇ ಅಪಾಯ. ತಟ್ಟೆ ಬದಲಾದ್ರೆ ಔಷಧಿಯ ಪ್ರಮಾಣವೂ ಬದಲಾಗಬೇಕಾಗುತ್ತೆ, ಡಾಕ್ಟರಿಗೆ ಹೇಳಿ. ಕಿಡ್ನಿ ತೊಂದರೆ ಇದ್ರೆ ಕಾಳು, ಬಾಡು ಎಷ್ಟು ಅಂತಾನೂ ಕೇಳಿ. ದಿನಾ ರಾತ್ರಿ ಪಾದ ನೋಡ್ಕೊಳ್ಳಿ.

ಕೊನೆಗೆ ಸಂಘಟಕರಿಗೆ ಒಂದು ಮಾತು. ನಮ್ಮ ಸಭೆಗಳಲ್ಲಿ ಆರು ಸಲ ಸಕ್ಕರೆ ಟೀ, ಮೂರೂವರೆಗೆ ಪಲಾವ್. ಮುಂದಿನ ಏಪ್ರಿಲ್ 14ಕ್ಕೆ ಊಟದ ಸಾಲಿನಲ್ಲಿ ಕಾಳಿನ ಪಲ್ಯ, ಮೊಟ್ಟೆ, ಸಕ್ಕರೆ ಇಲ್ಲದ ಟೀ ಇರಲಿ. ಒಂದೂವರೆಗೆ ಊಟ ಬಡಿಸಿ. ರೇಷನ್‌ನಲ್ಲಿ ಕಾಳು, ಮೊಟ್ಟೆ ಕೊಡಿ ಅನ್ನೋ ಬೇಡಿಕೆ ನಮ್ಮ ಮನವಿಪತ್ರದ ಮೊದಲ ಸಾಲಿಗೆ ಬರಲಿ. ಬಾಬಾಸಾಹೇಬರಿಗೆ ಸಿಕ್ಕಿದ್ದು 65 ವರ್ಷ. ನಮ್ಮ ಹಿರಿಯರನ್ನು ಅದಕ್ಕಿಂತ ಹೆಚ್ಚು ಕಾಲ ಉಳಿಸಿಕೊಳ್ಳೋದೂ ಚಳವಳಿಯೇ.

ಜೈಭೀಮ್.