ಬೀದರ್ ಹೈದರಾಬಾದಿನಲ್ಲಿದ್ದಾಗ: ಒಬ್ಬ ಮೇಷ್ಟ್ರು, ಒಂದು ಚೆಂಡು

ಬೀದರ್, ಭಾಲ್ಕಿ, ಔರಾದ್ ಕಡೆಯಿಂದ ಕೇಳ್ತಿರೋ ಗೆಳೆಯರಿಗೆ ಇವತ್ತು ಎರಡು ತಾರೀಕು ಹೇಳಿ ಶುರು ಮಾಡ್ತೀನಿ.

ಮೊದಲನೇದು 1956ರ ನವೆಂಬರ್ 1. ಇದು ಎಲ್ಲರಿಗೂ ಗೊತ್ತು. ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಮರಾಠವಾಡ ಮುಂಬೈ ರಾಜ್ಯಕ್ಕೆ, ತೆಲಂಗಾಣ ಆಂಧ್ರಕ್ಕೆ, ಕನ್ನಡದ ಬೀದರ್, ಕಲಬುರಗಿ, ರಾಯಚೂರು ಮೈಸೂರಿಗೆ. ಎರಡನೇದು ಅದೇ ವರ್ಷದ ಡಿಸೆಂಬರ್ 1. ಸರಿಯಾಗಿ ಒಂದು ತಿಂಗಳ ನಂತರ. ಅವತ್ತು ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ ಆಸ್ಟ್ರೇಲಿಯಾವನ್ನು ಅದರದೇ ನೆಲದಲ್ಲಿ 4-2ರಿಂದ ಸೋಲಿಸಿತು. ಏಷ್ಯಾದ ಒಂದು ತಂಡ ಒಲಿಂಪಿಕ್ಸ್ ಸೆಮಿಫೈನಲ್ ತಲುಪಿದ್ದು ಅದೇ ಮೊದಲು. ಆ ತಂಡದ ಕೋಚ್ ಮೊನ್ನೆ ಮೊನ್ನೆವರೆಗೂ ನಮ್ಮ ರಾಜಧಾನಿಯಾಗಿದ್ದ ಊರಿನವರು. ಹೆಸರು ಸೈಯದ್ ಅಬ್ದುಲ್ ರಹೀಂ. ಜನ ಕರೀತಿದ್ದದ್ದು ರಹೀಂ ಸಾಹೇಬ್ ಅಂತ.

‘ಮೈದಾನ್’ ಸಿನಿಮಾ ನೋಡಿದವರು, "ಓ, ಅಜಯ್ ದೇವಗನ್ ಮಾಡಿದ ಪಾತ್ರ" ಅಂತೀರಿ. ಹೌದು, ಅವರೇ. ಆದರೆ ನಾನು ಇವತ್ತು ಕೇಳೋ ಪ್ರಶ್ನೆ ಬೇರೆ. ಆ ಕಾಲದಲ್ಲಿ ಫುಟ್‌ಬಾಲ್ ನಂಬಿ ಒಬ್ಬ ಮನುಷ್ಯ ಬದುಕೋದು ಹೇಗೆ?

ಇದಕ್ಕೆ ಮೊದಲು ಒಂದ್ಸಲ ಇಂಗ್ಲೆಂಡಿಗೆ ಹೋಗಿಬರೋಣ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಲ್ಲಿ ಸ್ಟೀವ್ ಬ್ಲೂಮರ್ ಅಂತ ದೊಡ್ಡ ಆಟಗಾರ ಇದ್ದ. ಡರ್ಬಿ ಕೌಂಟಿ, ಮಿಡಲ್ಸ್‌ಬರೋ ತಂಡಗಳಿಗೆ ಆಡಿದವನು. ಇಂಗ್ಲೆಂಡ್ ಪರ ಬರೀ 23 ಪಂದ್ಯ, ಗೋಲು 28! ಇಂದಿನ ಲೆಕ್ಕದಲ್ಲಿ ಕೋಟಿ ಕೋಟಿ ದುಡಿಯಬೇಕಾದ ಆಳು. ಆದರೆ 1901ರಿಂದ ಅಲ್ಲಿ ಒಂದು ನಿಯಮವಿತ್ತು. ಎಷ್ಟೇ ದೊಡ್ಡ ಆಟಗಾರನಾದರೂ ವಾರಕ್ಕೆ 4 ಪೌಂಡ್‌ಗಿಂತ ಹೆಚ್ಚು ಸಂಬಳ ಕೊಡೋ ಹಾಗಿಲ್ಲ. ಆ ಮಿತಿ ನಿಧಾನವಾಗಿ ಏರುತ್ತಾ 20 ಪೌಂಡ್‌ಗೆ ಬಂತು. ಪೂರ್ತಿ ಹೋಗಿದ್ದು 1961ರಲ್ಲಿ. ಆಟ ಮುಗಿದ ಮೇಲೆ ಬ್ಲೂಮರ್ 1914ರಲ್ಲಿ ಬರ್ಲಿನ್ನಿಗೆ ಕೋಚ್ ಆಗಿ ಹೋದ. ಕೆಲವೇ ವಾರಗಳಲ್ಲಿ ಮಹಾಯುದ್ಧ ಶುರುವಾಯ್ತು, ಇವನನ್ನು ಶಿಬಿರದಲ್ಲಿ ಕೂಡಿಹಾಕಿದರು. ಇಷ್ಟಾದ ಮೇಲೂ ಸ್ಪೇನಿಗೆ ಹೋಗಿ, 1924ರಲ್ಲಿ ಇರೂನ್ ಊರಿನ ತಂಡಕ್ಕೆ ಅಲ್ಲಿನ ರಾಷ್ಟ್ರೀಯ ಕಪ್ ಗೆಲ್ಲಿಸಿಕೊಟ್ಟ.

ನೋಡ್ರಿ, ವೃತ್ತಿಪರ ಫುಟ್‌ಬಾಲ್ ಹುಟ್ಟಿದ ದೇಶದಲ್ಲೇ ಈ ಕತೆ. ನಮ್ಮಲ್ಲಿ ‘ವೃತ್ತಿಪರ’ ಅನ್ನೋ ಮಾತೇ ಇರಲಿಲ್ಲ. ಹೈದರಾಬಾದಿನಲ್ಲಿ ಚೆನ್ನಾಗಿ ಆಡೋ ಹುಡುಗನಿಗೆ ಇದ್ದ ದೊಡ್ಡ ದಾರಿ ಅಂದ್ರೆ ಪೊಲೀಸ್ ನೌಕರಿ. ಹೈದರಾಬಾದ್ ಸಿಟಿ ಪೊಲೀಸ್ ತಂಡಕ್ಕೆ ಸೇರಿದರೆ ತಿಂಗಳ ಸಂಬಳ, ಮೈಮೇಲೆ ಖಾಕಿ, ಕಾಲಲ್ಲಿ ಚೆಂಡು.

ರಹೀಂ ಅವರು 1909ರಲ್ಲಿ ಹುಟ್ಟಿದವರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಪದವಿ ಪಡೆದರು, ಅಲ್ಲೇ ಆಡಿದರು. ಹೊಟ್ಟೆಪಾಡಿಗೆ ಹಿಡಿದದ್ದು ಶಾಲಾ ಮೇಷ್ಟ್ರ ಕೆಲಸ. ಆಮೇಲೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿದರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮರ ಆಳ್ವಿಕೆ ಮುಗೀತು. ಆ ದಿನಗಳ ನೋವು ನಮ್ಮ ಜಿಲ್ಲೆಯ ಹಿರಿಯರಿಗೆ ಗೊತ್ತು. ಅದಾಗಿ ಎರಡೇ ವರ್ಷಕ್ಕೆ, 1950ರಲ್ಲಿ, ರಹೀಂ ಸಾಹೇಬರು ಪೊಲೀಸ್ ತಂಡದ ಕೋಚ್ ಆದರು. ಆಮೇಲೆ ಮುಂಬೈಯ ರೋವರ್ಸ್ ಕಪ್ 1950ರಿಂದ 1954ರವರೆಗೆ ಸತತ ಐದು ಸಲ ಹೈದರಾಬಾದಿಗೇ. 1950ರ ಡುರಾಂಡ್ ಕಪ್ ಕೂಡ ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ತಂದರು.

ಗುಟ್ಟೇನು? ಮೇಷ್ಟ್ರ ಬುದ್ಧಿ! ಒಬ್ಬನೇ ಚೆಂಡು ಹಿಡ್ಕೊಂಡು ಮೆರೆಯೋ ಚಟ ಬಿಡಿಸಲಿಕ್ಕೆ, ಡ್ರಿಬ್ಲಿಂಗ್ ಮಾಡಲೇಬಾರದು ಅನ್ನೋ ಟೂರ್ನಮೆಂಟ್ ನಡೆಸಿದರು. ಬಲಗಾಲಿನವನಿಗೆ ಎಡಗಾಲಲ್ಲೇ ಆಡು ಅಂದರು. ದುಬಾರಿ ಸಾಮಾನು ಒಂದೂ ಬೇಕಿರಲಿಲ್ಲ, ಬೇಕಾಗಿದ್ದು ಬಯಲು ಮತ್ತು ಶಿಸ್ತು.

ಸೋಲೂ ಕಂಡರು. 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಇರಾನ್ ವಿರುದ್ಧ 1-0 ಗೆದ್ದು ಚಿನ್ನ ತಂದ ತಂಡ, ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 10-1ರಿಂದ ಸೋತಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಅಲ್ಲಿಂದ ಮುಂದೆ ಬೂಟು ಕಡ್ಡಾಯವಾಯ್ತು. ನಾಲ್ಕೇ ವರ್ಷಕ್ಕೆ ಮೆಲ್ಬರ್ನ್‌ನ ಆ 4-2. ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದರು. ಸೆಮಿಫೈನಲ್‌ನಲ್ಲಿ ಮತ್ತೆ ಅದೇ ಯುಗೊಸ್ಲಾವಿಯಾ. 4-1ರಿಂದ ಸೋತೆವು, ಕೊನೆಗೆ ನಾಲ್ಕನೇ ಸ್ಥಾನ. ತಂಡದಲ್ಲಿ ಹೈದರಾಬಾದಿನ ಹುಡುಗರು ಹಲವರಿದ್ದರು. ಅಜೀಜುದ್ದೀನ್, ನೂರ್ ಮಹಮ್ಮದ್, ಸಿಕಂದರಾಬಾದ್ ಹತ್ತಿರದ ಅಮ್ಮುಗುಡದ ತುಳಸೀದಾಸ್ ಬಲರಾಮ್, ಎಲ್ಲಾ ಅದೇ ನೆಲದವರು.

ಈಗ 1962, ಜಕಾರ್ತಾ. ರಹೀಂ ಸಾಹೇಬರ ಶ್ವಾಸಕೋಶಕ್ಕೆ ಕ್ಯಾನ್ಸರ್ ಹಿಡಿದಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 2-0 ಸೋಲು. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಇಸ್ರೇಲ್, ತೈವಾನ್ ತಂಡಗಳನ್ನು ಹೊರಗಿಟ್ಟಿದ್ದನ್ನು ಭಾರತದ ಅಧಿಕಾರಿ ಜಿ.ಡಿ. ಸೋಂಧಿ ಪ್ರಶ್ನಿಸಿದ್ದರಿಂದ ಅಲ್ಲಿನ ಜನ ನಮ್ಮ ಮೇಲೆ ಕೆಂಡವಾಗಿದ್ದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಎದುರಿಗೆ ಮತ್ತೆ ಅದೇ ಕೊರಿಯಾ, ಸುತ್ತ ಇಡೀ ಸ್ಟೇಡಿಯಂ ವಿರುದ್ಧ. ಮೇಷ್ಟ್ರು ಮಾಡಿದ್ದೇನು? ತಲೆಗೆ ಹೊಲಿಗೆ ಬಿದ್ದ ಡಿಫೆಂಡರ್‌ನನ್ನೇ ಫಾರ್ವರ್ಡ್ ಆಗಿ ಆಡಿಸಿದರು! ಪಿ.ಕೆ. ಬ್ಯಾನರ್ಜಿ ಒಂದು ಗೋಲು, ಜರ್ನೈಲ್ ಇನ್ನೊಂದು. 2-1. ಚಿನ್ನ.

ಒಂಬತ್ತು ತಿಂಗಳ ನಂತರ, 1963ರ ಜೂನ್ 11ರಂದು ರಹೀಂ ಸಾಹೇಬರು ತೀರಿಹೋದರು. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಮತ್ತೆ ಚಿನ್ನ ಬರಲೇ ಇಲ್ಲ.

ಇದರಲ್ಲಿ ನಮ್ಮದೇನು ಅಂತೀರಾ? ಗಡಿ ಬದಲಾದಾಗ ದಫ್ತರಗಳು ಬೆಂಗಳೂರಿಗೆ ಹೋದವು, ಅದು ಸರಿ. ಆದರೆ ನೆನಪುಗಳೂ ಕೈತಪ್ಪಿದವು. ತೆಲುಗರು ರಹೀಂ ನಮ್ಮವರು ಅಂತಾರೆ, ನಾವು ಸುಮ್ಮನಿರ್ತೀವಿ. ಆದರೆ ಐದು ರೋವರ್ಸ್ ಕಪ್ ಬಂದಾಗ ಬೀದರ್ ಕೂಡ ಹೈದರಾಬಾದೇ ಆಗಿತ್ತಲ್ಲ!

ಇನ್ನೊಂದು ಮಾತು. ಬ್ಲೂಮರ್‌ಗೆ ವಾರದ ಸಂಬಳಕ್ಕೆ ಮಿತಿ ಇತ್ತು, ರಹೀಂ ಅವರಿಗೆ ಮೇಷ್ಟ್ರ ಪಗಾರ ಇತ್ತು. ಇಬ್ಬರೂ ಆಟದಿಂದ ಶ್ರೀಮಂತರಾಗಲಿಲ್ಲ, ಕಲಿತದ್ದನ್ನು ಮುಂದಿನವರ ಕಾಲಿಗೆ ದಾಟಿಸಿದರು. ಭಾಲ್ಕಿಯಲ್ಲೋ ಔರಾದಿನಲ್ಲೋ ಇವತ್ತು ಸಂಜೆ ಸೀಟಿ ಊದ್ತಿರೋ ಪಿ.ಟಿ. ಮೇಷ್ಟ್ರನ್ನ ನೋಡಿದಾಗ ಇದು ನೆನಪಿರಲಿ. ದೇಶಕ್ಕೆ ಎರಡು ಚಿನ್ನ ತಂದವರೂ ಅಂಥ ಒಬ್ಬ ಮೇಷ್ಟ್ರೇ.

ಮನೆಯಲ್ಲಿ ಅಜ್ಜ ಇದ್ದರೆ ಒಂದ್ಸಲ ಕೇಳ್ರಿ, ಹೈದರಾಬಾದ್ ಪೊಲೀಸ್ ತಂಡದ ಹೆಸರು ಕೇಳಿದ್ದಾರಾ ಅಂತ. ಮುಂದಿನ ಸಂಚಿಕೆಯಲ್ಲಿ ಸಿಗೋಣ.