ಸಂತೆ ಬೇಕು, ಯಜಮಾನಿಕೆ ಬೇಡ ಎಂದ ಥ್ಯಾಚರ್

2020ರ ಜನವರಿ 31ರಂದು ಬ್ರಿಟನ್ ಯುರೋಪ್ ಒಕ್ಕೂಟದಿಂದ ಹೊರಬಂತು. ಆ ಜಗಳದ ಬೇರು ಹುಡುಕಿದರೆ ಕನ್ಸರ್ವೇಟಿವ್ ಪಕ್ಷದ ಮಾರ್ಗರೆಟ್ ಥ್ಯಾಚರ್ ಸಿಗುತ್ತಾರೆ.

ಸೋಜಿಗವೆಂದರೆ, 1975ರ ಜನಮತದಲ್ಲಿ ಅವರು ಯುರೋಪಿನ ಬಾವುಟಗಳ ಸ್ವೆಟರ್ ತೊಟ್ಟು 'ಒಳಗೇ ಇರೋಣ' ಎಂದು ಪ್ರಚಾರ ಮಾಡಿದ್ದರು.

1979ರಲ್ಲಿ ಪ್ರಧಾನಿಯಾದ ಮೇಲೆ ಲೆಕ್ಕ ಕೇಳಿದರು. ಆಗಿನ ಯುರೋಪ್ ಸಮುದಾಯದ ಬಜೆಟ್‌ನಲ್ಲಿ ಬಹುಪಾಲು ರೈತರ ಸಬ್ಸಿಡಿಗೆ ಹೋಗುತ್ತಿತ್ತು. ಬ್ರಿಟನ್ನಿನಲ್ಲಿ ರೈತರು ಕಡಿಮೆ. ಹಾಗಾಗಿ ಕಟ್ಟುವ ಹಣ ಹೆಚ್ಚು, ಬರುವುದು ಕಡಿಮೆ. ಹಟ ಹಿಡಿದು 1984ರಲ್ಲಿ ಒಂದು ಪಾಲು ವಾಪಸ್ ಪಡೆಯುವ ಒಪ್ಪಂದ ಮಾಡಿಕೊಂಡರು.

1986ರಲ್ಲಿ ಎಲ್ಲರಿಗೂ ಒಂದೇ ಮಾರುಕಟ್ಟೆ ಎಂಬ ಒಪ್ಪಂದಕ್ಕೆ ಅವರ ಸರ್ಕಾರವೇ ಸಹಿ ಹಾಕಿತು. ಆದರೆ 1988ರಲ್ಲಿ ಬೆಲ್ಜಿಯಂನ ಬ್ರೂಜ್ ಭಾಷಣದಲ್ಲಿ, ಅಧಿಕಾರವೆಲ್ಲ ಬ್ರಸೆಲ್ಸ್‌ನಲ್ಲಿ ಸೇರಬಾರದು ಎಂದರು. 1990ರ ಅಕ್ಟೋಬರ್ 30ರಂದು ಸಂಸತ್ತಿನಲ್ಲಿ ಮೂರು ಬಾರಿ 'ಇಲ್ಲ' ಎಂದರು. ಎರಡೇ ದಿನಕ್ಕೆ ಉಪಪ್ರಧಾನಿ ಜೆಫ್ರಿ ಹೌ ರಾಜೀನಾಮೆ ಕೊಟ್ಟರು. ಅದೇ ನವೆಂಬರ್‌ನಲ್ಲಿ ಥ್ಯಾಚರ್ ಕುರ್ಚಿಯೂ ಹೋಯಿತು.

ಒಂದೇ ಸಂತೆ ಎಂದಮೇಲೆ ತೂಕದ ಬಟ್ಟೂ ಒಂದೇ ಇರಬೇಕು. ಆ ಬಟ್ಟನ್ನು ನಿಗದಿ ಮಾಡುವವರು ಯಾರು? ಥ್ಯಾಚರ್ ಬಿಟ್ಟುಹೋದ ಈ ಪ್ರಶ್ನೆಗೆ 2016ರಲ್ಲಿ ಸುಮಾರು 52% ಮತದಾರರು 'ನಾವೇ' ಎಂದರು. ಆದರೆ ಯುರೋಪಿನಲ್ಲಿ ಸರಕು ಮಾರಲು ಬ್ರಿಟನ್ ಇಂದಿಗೂ ಅಲ್ಲಿನ ಬಟ್ಟಿಗೇ ತೂಗಬೇಕು.