ದಂಡಿಗೆ ಬಂದ ಶರೀಫರು

ಹಾಡುಗಾರನೊಬ್ಬನ ಸ್ವಂತ ಆಲ್ಬಂ ಹೊರಬಂದಾಗ ಅದರ ಬಗ್ಗೆ ಎರಡು ಬಗೆಯ ಮಾತು ಹುಟ್ಟುತ್ತದೆ. ಒಂದು, ಪತ್ರಿಕೆಯಲ್ಲಿ ವಿಮರ್ಶಕರು ಬರೆಯುವುದು. ಇನ್ನೊಂದು, ಅಭಿಮಾನಿಗಳು ತಮ್ಮತಮ್ಮಲ್ಲೇ ಆಡಿಕೊಳ್ಳುವುದು. ಮೊದಲನೆಯದು ಗ್ರಂಥಾಲಯದ ಕಪಾಟಿನಲ್ಲಿ ಉಳಿಯುತ್ತದೆ. ಎರಡನೆಯದು ಕಾಫಿ ಲೋಟ ತೊಳೆದಿಡುವಷ್ಟರಲ್ಲಿ ಮರೆತುಹೋಗುತ್ತದೆ. ಆದರೆ ಒಂದು ಊರಿನ ಕಿವಿ ಹೇಗೆ ಬದಲಾಯಿತು ಎಂದು ತಿಳಿಯಬೇಕಾದರೆ ಈ ಎರಡನೆಯ ಮಾತಿಗೇ ಹೆಚ್ಚು ಬೆಲೆ. ನಮ್ಮ ಚರ್ಚಾ ಕಾರ್ಯಕ್ರಮಕ್ಕೆ ಪೂರಕವಾಗಿ ಅಂಥ ಒಂದು ವಾಗ್ವಾದವನ್ನು ಓದುಗರಾದ ನಿಮ್ಮ ಮುಂದಿಡುತ್ತಿದ್ದೇನೆ. ಆಲ್ಬಂ 2008ರದು. ಹಾಡಿದವರು ರಘು ದೀಕ್ಷಿತ್. ವಾಗ್ವಾದವನ್ನು ನಾನು ಕೇಳಿದ್ದು ಬೆಂಗಳೂರಿನ ದಂಡು ಪ್ರದೇಶದಲ್ಲಿ, ಮತ್ತು ಅಲ್ಲಿಂದ ಪೂರ್ವಕ್ಕೆ ಕೃಷ್ಣರಾಜಪುರದವರೆಗೆ ಹಬ್ಬಿರುವ ಬಡಾವಣೆಗಳಲ್ಲಿ.

ಇತರ ಜಾಗ ಬಿಟ್ಟು ಇಲ್ಲೇ ಏಕೆ ಎಂದು ನೀವು ಕೇಳಬಹುದು. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎರಡು ಊರು, ಎರಡು ಕಿವಿ

1809ರಲ್ಲಿ ಬ್ರಿಟಿಷ್ ಸೈನ್ಯ ಶ್ರೀರಂಗಪಟ್ಟಣದಿಂದ ಬಂದು ಹಲಸೂರಿನ ಬಳಿ ತಂಗಿದಾಗ ಬೆಂಗಳೂರು ಎರಡಾಯಿತು. 1881ರಲ್ಲಿ ಸಂಸ್ಥಾನ ಮತ್ತೆ ಒಡೆಯರ ಕೈಗೆ ಬಂದಾಗಲೂ ದಂಡು ಮಾತ್ರ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. 1947ರಲ್ಲಿ ಅದು ಮೈಸೂರಿಗೆ ಮರಳಿತು. 1949ರಲ್ಲಿ ಎರಡೂ ಪುರಸಭೆಗಳು ಸೇರಿ ಒಂದೇ ನಗರಪಾಲಿಕೆಯಾಯಿತು. ಕಾಗದದ ಮೇಲೆ ಊರು ಒಂದಾಯಿತು, ಕಿವಿ ಒಂದಾಗಲಿಲ್ಲ. ಕಬ್ಬನ್ ಪಾರ್ಕಿನ ಪಶ್ಚಿಮಕ್ಕೆ ರಾಮೋತ್ಸವದ ಕಛೇರಿ, ಹರಿಕಥೆ, ಕನ್ನಡ ನಾಟಕದ ಹಾಡು. ಪೂರ್ವಕ್ಕೆ ಸೇನಾ ಬ್ಯಾಂಡು, ಚರ್ಚಿನ ಗಾಯನವೃಂದ, ಆಂಗ್ಲೋ-ಇಂಡಿಯನ್ ಮನೆಗಳ ಪಿಯಾನೊ. ಬ್ಲ್ಯಾಕ್‌ಪಲ್ಲಿ ಎನಿಸಿಕೊಂಡಿದ್ದ ಇಂದಿನ ಶಿವಾಜಿನಗರದಲ್ಲಿ ಉರ್ದು ಕವ್ವಾಲಿ, ಹಲಸೂರಿನ ಬೀದಿಗಳಲ್ಲಿ ತಮಿಳು ಚಿತ್ರಗೀತೆ.

ಹೀಗೆ ದಂಡಿನಲ್ಲಿ ಕನ್ನಡ ಹಾಡು ಇರಲೇ ಇಲ್ಲವೆಂದಲ್ಲ; ಅದು ಮನೆಯೊಳಗಿನ ಹಾಡಾಗಿತ್ತು. ನಾಲ್ಕು ಜನರ ನಡುವೆ ಗಿಟಾರು ಹಿಡಿದರೆ ಭಾಷೆ ತಾನಾಗಿ ಇಂಗ್ಲಿಷಿಗೆ ಹೊರಳುತ್ತಿತ್ತು. ಬಿಬಿಸಿ ವಿಶ್ವಸೇವೆಯಲ್ಲಿ ಡೇವ್ ಲೀ ಟ್ರಾವಿಸ್ ನಡೆಸುತ್ತಿದ್ದ ಕೋರಿಕೆಯ ಕಾರ್ಯಕ್ರಮಕ್ಕೆ ಕಿವಿಗೊಟ್ಟು ಕೂರುವವರಿದ್ದರು. ಒಬ್ಬರ ಮನೆಯ ಕ್ಯಾಸೆಟ್ ಹತ್ತು ಮನೆಗಳಲ್ಲಿ ನಕಲಾಗುತ್ತಿತ್ತು. 1989ರಲ್ಲಿ ರೆಸ್ಟ್ ಹೌಸ್ ರಸ್ತೆಯಲ್ಲಿ ಆರಂಭವಾದ ಪೆಕೋಸ್ ಪಬ್ಬಿಗೆ ಹೆಸರು ಬಂದದ್ದೇ ಅಲ್ಲಿ ನುಡಿಸುತ್ತಿದ್ದ ಹಳೆಯ ರಾಕ್ ಕ್ಯಾಸೆಟ್‌ಗಳಿಂದ.

ತಂಡವೋ, ಹಾಡುಗಾರನೋ

ಇಂಥ ಕೇಳುಗರಿಗೆ ಸ್ವಂತ ಆಲ್ಬಮ್ಮಿನ ಜಗಳ ಹೊಸತಲ್ಲ. 1970ರಲ್ಲಿ ಬೀಟಲ್ಸ್ ತಂಡ ಒಡೆದಾಗ ಪಾಲ್ ಮೆಕಾರ್ಟ್ನಿ ಏಪ್ರಿಲ್‌ನಲ್ಲೂ ಜಾರ್ಜ್ ಹ್ಯಾರಿಸನ್ ನವೆಂಬರ್‌ನಲ್ಲೂ ತಮ್ಮ ಆಲ್ಬಂಗಳನ್ನು ಹೊರತಂದರು. ತಂಡದಲ್ಲಿದ್ದಾಗ ಜಾಗ ಸಿಗದೆ ಕೂಡಿಟ್ಟಿದ್ದ ಹಾಡುಗಳೇ ಸಾಕಷ್ಟಿದ್ದುದರಿಂದ ಹ್ಯಾರಿಸನ್ನರದು ಮೂರು ತಟ್ಟೆಗಳ ಸಂಪುಟವಾಯಿತು. 1985ರಲ್ಲಿ ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿ, 1996ರಲ್ಲಿ ಡೈರ್ ಸ್ಟ್ರೇಟ್ಸ್‌ನ ಮಾರ್ಕ್ ನಾಫ್ಲರ್ ತಮ್ಮದೇ ಹೆಸರಿನಲ್ಲಿ ಹಾಡಿದರು. ಪ್ರತಿ ಸಲವೂ ಅಭಿಮಾನಿಗಳು ಎರಡು ಪಕ್ಷವಾದರು. 'ತಂಡವಿಲ್ಲದೆ ಈತ ಅರ್ಧ' ಎನ್ನುವವರು ಒಂದು ಕಡೆ. 'ಈಗ ತಾನೆ ಈತ ಪೂರ್ಣ' ಎನ್ನುವವರು ಇನ್ನೊಂದು ಕಡೆ.

ಪಿಂಕ್ ಫ್ಲಾಯ್ಡ್ ಬಿಟ್ಟು ಬಂದ ರೋಜರ್ ವಾಟರ್ಸ್ 2002ರಲ್ಲೂ ನಾಫ್ಲರ್ 2005ರಲ್ಲೂ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದರು. ದೂರದಿಂದ ತೀರ್ಪು ಕೊಡುತ್ತಿದ್ದ ದಂಡಿನ ಕೇಳುಗರಿಗೆ ಈಗ ತೀರ್ಪು ಕೊಡಲು ಎದುರಿಗೇ ಸಾಕ್ಷ್ಯ ಸಿಕ್ಕಿತು. ಗಮನಿಸಬೇಕಾದ ಸಂಗತಿಯೆಂದರೆ, ಅದೇ 2005ರಲ್ಲಿ ಅದೇ ಮೈದಾನದಲ್ಲಿ ಸಿ. ಅಶ್ವಥ್ ಅವರ 'ಕನ್ನಡವೇ ಸತ್ಯ' ನಡೆಯಿತು. ಕನ್ನಡದ ಭಾವಗೀತೆ ಕೇಳಲು ಅಷ್ಟು ದೊಡ್ಡ ಜನಸಾಗರ ಸೇರಬಹುದೆಂದು ಅನೇಕರು ಎಣಿಸಿರಲಿಲ್ಲ. ಎರಡೂ ಕಾರ್ಯಕ್ರಮಕ್ಕೆ ಹೋದವರು ಎಷ್ಟು ಮಂದಿ ಇದ್ದಾರು ಎಂಬ ಪ್ರಶ್ನೆ ಆಗ ನನ್ನನ್ನು ಕಾಡಿತ್ತು. ಮೂರು ವರ್ಷಗಳ ಬಳಿಕ ಬಂದ ಆಲ್ಬಂ ಆ ಪ್ರಶ್ನೆಯನ್ನೇ ಬೇರೆ ರೀತಿಯಲ್ಲಿ ಎತ್ತಿತು.

ರಘು ದೀಕ್ಷಿತ್ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಶಾಸ್ತ್ರ ಓದಿ ಚಿನ್ನದ ಪದಕ ಪಡೆದವರು, ಭರತನಾಟ್ಯ ಕಲಿತವರು. 1990ರ ದಶಕದ ಕೊನೆಯಲ್ಲಿ 'ಅಂತರಾಗ್ನಿ' ಎಂಬ ತಂಡ ಕಟ್ಟಿದರು. ಆ ತಂಡ ಚದುರಿದ ಮೇಲೆ 'ರಘು ದೀಕ್ಷಿತ್ ಪ್ರಾಜೆಕ್ಟ್' ಎಂಬ ಹೆಸರಿನಲ್ಲಿ, ಬಂದು ಹೋಗುವ ವಾದಕರಿಗೆಲ್ಲ ಬಾಗಿಲು ತೆರೆದಿಟ್ಟ ಹೊಸ ಕೂಟ ಮಾಡಿಕೊಂಡರು. ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಜೋಡಿ ತಮ್ಮ ಸಂಸ್ಥೆಯ ಮೂಲಕ 2008ರಲ್ಲಿ ಅವರ ಮೊದಲ ಆಲ್ಬಂ ಹೊರತಂದಿತು. ಹಿಂದಿ, ಕನ್ನಡ, ಇಂಗ್ಲಿಷ್ ಮೂರೂ ಭಾಷೆಯ ಹಾಡುಗಳು ಅದರಲ್ಲಿದ್ದವು. ಕನ್ನಡದ ಪಾಲಿಗೆ ಬಂದವು ಶಿಶುನಾಳ ಶರೀಫರ ಎರಡು ತತ್ತ್ವಪದಗಳು: ಒಂದು ಗುಡುಗುಡಿಯ ಪದ, ಇನ್ನೊಂದು ಸೋರುವ ಮಾಳಿಗೆಯ ಪದ.

ಮೂರು ತಕರಾರು

ಅಂದು ನನ್ನ ಕಿವಿಗೆ ಬಿದ್ದ ಅಭಿಪ್ರಾಯಗಳನ್ನು ಮೂರು ಗುಂಪಾಗಿ ವಿಂಗಡಿಸಬಹುದು.

ಮೊದಲನೆಯದು ಹಳೆಯ ತಂಡದ ಪಕ್ಷ. ಇವರು ಅಂತರಾಗ್ನಿಯನ್ನು ಕಾಲೇಜಿನ ಅಂಗಳದಲ್ಲಿ ನಿಂತು ಕೇಳಿದವರು. 'ವೇದಿಕೆಯ ಮೇಲಿದ್ದ ಕಾವು ತಟ್ಟೆಯಲ್ಲಿಲ್ಲ, ಎಲ್ಲವನ್ನೂ ತಿಕ್ಕಿ ತೊಳೆದಿಟ್ಟಂತಿದೆ' ಎಂಬುದು ಇವರ ದೂರು. ವಿಜ್ಞಾನ ಓದಿದವನಾದ್ದರಿಂದ ಈ ದೂರಿನ ಒಂದು ಭಾಗಕ್ಕೆ ಕಾರಣ ಹೇಳಬಲ್ಲೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ವಿಜ್ಞಾನಿಗಳು 1933ರಲ್ಲಿ ತೋರಿಸಿಕೊಟ್ಟಂತೆ, ಶಬ್ದ ಮೆಲ್ಲಗಿದ್ದಾಗ ನಮ್ಮ ಕಿವಿ ಮಂದ್ರದ ಸ್ವರಗಳನ್ನು ತೀರ ಕಡಿಮೆ ಗ್ರಹಿಸುತ್ತದೆ. ಶಬ್ದ ಜೋರಾದಂತೆ ಅವು ಮೇಲೆದ್ದು ಬರುತ್ತವೆ. ಮೈದಾನದಲ್ಲಿ ಎದೆಗೆ ಗುದ್ದುತ್ತಿದ್ದ ಡ್ರಮ್ಮು ಮನೆಯ ಹಾಲಿನಲ್ಲಿ ತಗಡಿನಂತೆ ಕೇಳುವುದು ಇದರಿಂದ. ಹಾಡುಗಾರ ಬದಲಾಗದಿದ್ದರೂ ನಾವು ಕೇಳುವ ಹಾಡು ಬದಲಾಗುತ್ತದೆ. ಉಳಿದ ಭಾಗಕ್ಕೆ ಕಾರಣ ವಿಜ್ಞಾನದಲ್ಲಿಲ್ಲ. ಅಂದು ಜೊತೆಗೆ ನಿಂತು ಕೇಳಿದ ಗೆಳೆಯರೂ ಆ ಕಾವಿನ ಒಂದು ಪಾಲಾಗಿದ್ದರು.

ಎರಡನೆಯದು ಭಾಷೆಯ ಪಕ್ಷ. ಕನ್ನಡದ ಹುಡುಗ ಹಿಂದಿಯನ್ನೇ ಮುಂದೆ ಮಾಡಿದ್ದಾನೆ ಎಂದು ಕೆಲವರಿಗೆ ಬೇಸರ. ಮೂರು ಭಾಷೆ ಇಲ್ಲದಿದ್ದರೆ ಬೆಂಗಳೂರಿನ ಆಲ್ಬಂ ಎನಿಸಿಕೊಳ್ಳುವುದು ಹೇಗೆ ಎಂದು ಇನ್ನು ಕೆಲವರ ವಾದ. ಶಿವಾಜಿನಗರದಲ್ಲಿ ಒಂದು ರಸ್ತೆ ದಾಟುವಷ್ಟರಲ್ಲಿ ನಾಲ್ಕು ಭಾಷೆ ಆಡುವ ಜನರಿಗೆ ಈ ಎರಡನೆಯ ವಾದ ಸಹಜವಾಗಿಯೇ ಹಿಡಿಸಿತು. ಆದರೆ ಮೊದಲನೆಯವರ ಬೇಸರವನ್ನೂ ತಳ್ಳಿಹಾಕುವಂತಿಲ್ಲ. ದಂಡಿನಲ್ಲಿ ಕನ್ನಡ ಎಷ್ಟೋ ಕಾಲ ಬಾಗಿಲ ಹೊರಗೇ ನಿಂತಿತ್ತು ಎಂಬುದನ್ನು ಬಲ್ಲವರ ಬೇಸರ ಅದು.

ಮೂರನೆಯದು ಶರೀಫರ ಪಕ್ಷ. ಇವರ ದೂರು ಎಲ್ಲಕ್ಕಿಂತ ಗಟ್ಟಿ: 'ಶರೀಫರ ಪದಕ್ಕೆ ಗಿಟಾರು ಹಾಕಬಹುದೇ? ಅಶ್ವಥ್ ಅವರ ಮಟ್ಟಿನಲ್ಲಿ ಕೇಳಿದ ಮೇಲೆ ಇದೇನು?'

ದೂರವಾಣಿನಗರದ ದಾರಿ

ಇಲ್ಲಿ ನಾವು ಹಳೇ ಮದ್ರಾಸ್ ರಸ್ತೆ ಹಿಡಿಯಬೇಕು. ಹಲಸೂರಿನಿಂದ ಹೊರಟು ಇಂದಿರಾನಗರದ ಅಂಚು ಸವರಿಕೊಂಡು ಕೃಷ್ಣರಾಜಪುರಕ್ಕೆ ಹೋಗುವ ಈ ರಸ್ತೆಯಲ್ಲಿ, ಪುರ ಇನ್ನೇನು ಬಂತು ಎನ್ನುವಾಗ ಸಿಗುವುದು ದೂರವಾಣಿನಗರ. 1948ರಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐಟಿಐನ ಊರು ಅದು. ಸಿ. ಅಶ್ವಥ್ ಇದೇ ಸಂಸ್ಥೆಯ ನೌಕರರಾಗಿದ್ದರು, ಅದೂ ಎರಡೂವರೆ ದಶಕಕ್ಕೂ ಹೆಚ್ಚು ಕಾಲ. ಅವರೂ ವಿಜ್ಞಾನದ ಪದವೀಧರರೇ. ಹಗಲು ನೌಕರಿ, ಉಳಿದ ಹೊತ್ತು ಹಾರ್ಮೋನಿಯಂ.

ಶರೀಫರು 1819ರಿಂದ 1889ರವರೆಗೆ ಬದುಕಿದ್ದವರು. ಮುಸಲ್ಮಾನರ ಮನೆಯಲ್ಲಿ ಹುಟ್ಟಿ ಕಳಸದ ಗೋವಿಂದಭಟ್ಟರನ್ನು ಗುರುವೆಂದು ಒಪ್ಪಿದವರು. ಅವರ ಪದಗಳು ಉತ್ತರ ಕರ್ನಾಟಕದ ಭಜನಾ ಮೇಳಗಳಲ್ಲಿ ತಾಳ, ಏಕತಾರಿಯ ಜೊತೆ ಬಾಯಿಂದ ಬಾಯಿಗೆ ಬಂದವು. ಒಂದೇ ಪದಕ್ಕೆ ಊರಿಗೊಂದು ಮಟ್ಟು. ದಕ್ಷಿಣದ ಪಟ್ಟಣಿಗರಿಗೆ ಅವು ಆಪ್ತವಾಗುವಂತೆ ಮಾಡಿದವರಲ್ಲಿ ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಮುಖ್ಯರು. ಅವರಿಗೆ 'ಶರೀಫ್ ಭಟ್ಟ' ಎಂಬ ಅಕ್ಕರೆಯ ಹೆಸರೇ ಬಿದ್ದಿತ್ತು. ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ 1978ರಲ್ಲಿ ಬಂದ 'ನಿತ್ಯೋತ್ಸವ' ಕನ್ನಡ ಭಾವಗೀತೆಗೆ ಧ್ವನಿಸುರುಳಿಯ ದಾರಿ ತೆರೆದಿತ್ತು. ಅದೇ ದಾರಿಯಲ್ಲಿ ಅಶ್ವಥ್, ಶಿವಮೊಗ್ಗ ಸುಬ್ಬಣ್ಣ ಅವರ ಕಂಠದಲ್ಲಿ ಶರೀಫರು ಮನೆಮನೆಗೆ ಬಂದರು. 1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಬಂದಾಗ ಅದಕ್ಕೂ ಅಶ್ವಥ್ ಅವರದೇ ಸಂಗೀತ.

ಓದುಗರು ಇಲ್ಲೊಂದು ಕ್ಷಣ ನಿಲ್ಲಬೇಕು. ನಾವು 'ಮೂಲ' ಎಂದು ಭಾವಿಸಿರುವ ಮಟ್ಟು ಶರೀಫರದಲ್ಲ. ಅದು ಇಪ್ಪತ್ತನೆಯ ಶತಮಾನದ ಬೆಂಗಳೂರಿನದು. ಏಕತಾರಿಯ ಪದಕ್ಕೆ ವಾದ್ಯವೃಂದ ಜೋಡಿಸಿ ಧ್ವನಿಮುದ್ರಣ ಕೊಠಡಿಯಲ್ಲಿ ಕಟ್ಟಿದ್ದು. ಭಜನಾ ಮೇಳದ ಹಿರಿಯರಿಗೆ ಅದೂ ಹೊಸತೇ. ಆದ್ದರಿಂದ ಗಿಟಾರು ಬಂದದ್ದನ್ನು ಅಪಚಾರ ಎನ್ನುವುದಾದರೆ ಪಿಟೀಲು, ತಬಲಾ ಬಂದದ್ದನ್ನೂ ಹಾಗೆಯೇ ಅನ್ನಬೇಕಾಗುತ್ತದೆ. ಹಾಗೆಂದು ಯಾವ ಮಟ್ಟಾದರೂ ಸರಿ ಎಂದು ನಾನು ಹೇಳುತ್ತಿಲ್ಲ. ತತ್ತ್ವಪದದಲ್ಲಿ ಮಾತು ಮುಂದೆ, ನಾದ ಹಿಂದೆ. ಕೇಳಿದವನಿಗೆ ಗುಡುಗುಡಿಯ ಹೊಗೆಯಷ್ಟೇ ಕಂಡು ಒಳಗಿನ ಮನಸ್ಸು ಕಾಣದಿದ್ದರೆ, ಮಾಳಿಗೆ ಸೋರುವುದಷ್ಟೇ ಕಂಡು ದುರಸ್ತಿ ಬೇಕಾದದ್ದು ಯಾವುದಕ್ಕೆ ಎಂದು ಹೊಳೆಯದಿದ್ದರೆ ಪದ ಸೋತಂತೆ. ವಾದ್ಯ ಯಾವುದೇ ಇರಲಿ, ಪರೀಕ್ಷೆ ಇದೇ. ಮಾಳಿಗೆಯ ಪದದಲ್ಲಿ ದೀಕ್ಷಿತರ ದನಿ ಮಾತಿಗೆ ಜಾಗ ಬಿಟ್ಟುಕೊಡುತ್ತದೆ. ಗುಡುಗುಡಿಯ ಪದದಲ್ಲಿ ಕುಣಿತ ಮಾತನ್ನು ಮೀರಲು ನೋಡುತ್ತದೆ. ಇದು ನನ್ನ ಅಭಿಪ್ರಾಯ. ನಿಮ್ಮದು ಬೇರೆ ಇರಬಹುದು.

ಹೆಸರಿನ ಪ್ರಶ್ನೆ

ಮುಂದಿನ ವರ್ಷಗಳಲ್ಲಿ ಇಂದಿರಾನಗರದಲ್ಲಿ ಹಾಡು ಕೇಳುವ ತಾಣಗಳು ಒಂದೊಂದಾಗಿ ತೆರೆದವು, ಕೆಲವು ಮುಚ್ಚಿದವು. ದೀಕ್ಷಿತ್ ಪಂಚೆ, ಗೆಜ್ಜೆ ತೊಟ್ಟು ಹೊರದೇಶದ ವೇದಿಕೆಗಳಿಗೂ ಹೋದರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದರು. 2013ರ 'ಜಗ್ ಚಂಗಾ' ಆಲ್ಬಮ್ಮಿನಲ್ಲೂ ಶರೀಫರ ಪದ ಬಂತು. ಕನ್ನಡ ಓದಲು ಬಾರದ ಹುಡುಗ ಹುಡುಗಿಯರು ಶರೀಫರ ಪದದ ಪಲ್ಲವಿಗೆ ದನಿಗೂಡಿಸುವುದನ್ನು ನಾನು ಕಂಡಿದ್ದೇನೆ. ದಂಡಿನ ಇತಿಹಾಸದಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಅವರಲ್ಲಿ ಕೆಲವರನ್ನು 'ಈ ಪದ ಯಾರದು' ಎಂದು ಕೇಳಿದರೆ ಬರುವ ಉತ್ತರ, 'ರಘು ದೀಕ್ಷಿತ್ ಅವರದು'. ಅವರ ಅಪ್ಪ ಅಮ್ಮಂದಿರನ್ನು ಕೇಳಿದರೆ 'ಅಶ್ವಥ್ ಅವರದು' ಎಂದಾರು. ಕ್ಯಾಸೆಟ್ಟಿನ ಕಾಲದಲ್ಲಿ ಒಳಗಿನ ಹಾಳೆಯ ಮೇಲೆ ಸಣ್ಣ ಅಕ್ಷರದಲ್ಲಾದರೂ ಕವಿಯ ಹೆಸರು ಇರುತ್ತಿತ್ತು. ಇಂದು ಮೊಬೈಲಿನ ಪರದೆಯ ಮೇಲೆ ಮೊದಲು ಕಾಣುವುದು ಹಾಡುಗಾರನ ಹೆಸರು. ಬರೆದವರ ಹೆಸರನ್ನು ಹುಡುಕಿ ತೆಗೆಯಬೇಕು. ದೂರದರ್ಶನದಲ್ಲಿ ಹಾಡು ಪ್ರಸಾರವಾಗುವಾಗ ಪರದೆಯ ಕೆಳಗೆ 'ಸಾಹಿತ್ಯ' ಎಂಬ ಸಾಲು ಹಾಕುವುದನ್ನು ನಾವು ನಿಯಮವೆಂದು ಪಾಲಿಸುತ್ತೇವೆ. ಹೊಸ ಸಹಾಯಕರಿಗೆ ಅದು ಅಲಂಕಾರದಂತೆ ಕಾಣುವುದುಂಟು. ಆ ಸಾಲು ಬಿದ್ದುಹೋದರೆ ಒಂದು ತಲೆಮಾರಿನೊಳಗೆ ಕವಿ ಮರೆಯಾಗುತ್ತಾನೆ.

ಸ್ವಂತ ಆಲ್ಬಂ ಎಂಬ ಮಾತೇ ಅರ್ಧ ಸತ್ಯ. ಶಿಶುನಾಳದಲ್ಲಿ ಒಬ್ಬರು ಕಟ್ಟಿದ ಪದವನ್ನು ಭಜನೆಯವರು ಕಾಪಾಡಿದರು, ಕವಿಯೊಬ್ಬರು ಪಟ್ಟಣಕ್ಕೆ ತಂದರು, ಐಟಿಐ ನೌಕರರೊಬ್ಬರು ಮಟ್ಟು ಹಾಕಿ ಮನೆಮನೆಗೆ ಮುಟ್ಟಿಸಿದರು, ಮೈಸೂರಿನ ವಿಜ್ಞಾನ ವಿದ್ಯಾರ್ಥಿಯೊಬ್ಬರು ಗಿಟಾರಿಗೆ ಏರಿಸಿದರು. ಮುಂದೆ ಹಲಸೂರಿನದೋ ಕೃಷ್ಣರಾಜಪುರದ್ದೋ ಒಬ್ಬ ಹುಡುಗಿ ಇದೇ ಪದಕ್ಕೆ ಇನ್ನೊಂದು ಮಟ್ಟು ಹಾಕಬಹುದು. ಆಗಲೂ ತಕರಾರು ಏಳಲಿ; ಕೇಳುಗರು ಜಗಳವಾಡುವಷ್ಟು ದಿನ ಹಾಡು ಬದುಕಿರುತ್ತದೆ. ಆ ಜಗಳಕ್ಕೆ ಕೂರುವ ಮುನ್ನ ಈ ವಾರ ನೀವು ಒಂದು ಕೆಲಸ ಮಾಡಿ ನೋಡಿ. ಮಾಳಿಗೆಯ ಪದವನ್ನು ಅಶ್ವಥ್ ಅವರ ದನಿಯಲ್ಲಿ ಒಮ್ಮೆ, ದೀಕ್ಷಿತರ ದನಿಯಲ್ಲಿ ಒಮ್ಮೆ ಕೇಳಿ; ಬಳಿಕ ವಾದ್ಯವೇ ಇಲ್ಲದೆ ಪುಸ್ತಕ ಹಿಡಿದು ಬಾಯಿಬಿಟ್ಟು ಓದಿ. ಮನೆಯ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಯಾವುದು ಮೇಲು ಎಂಬ ಚರ್ಚೆಯನ್ನು ಆಮೇಲೆ ಅವರೇ ಶುರುಮಾಡುತ್ತಾರೆ.